ಅಳಿಯನ ಗಾಡಿಯ ಸದ್ದು

ಆ ತಗಡು ಎಲ್ಲಿ ಹೋಯಿತು ಎಂಬುದು ಮೂರು ದಿನವಾದರೂ ಅವನಿಗೆ ಬಗೆಹರಿದಿರಲಿಲ್ಲ. ಬ್ರೇಕಿನ ಪ್ಯಾಡಿನ ಬೆನ್ನಿಗೆ ಒತ್ತಿಕೊಂಡು ಕೂರುವ, ಉಗುರಿನಷ್ಟು ತೆಳ್ಳಗಿನ ಉಕ್ಕಿನ ತಗಡು. ಅದಿಲ್ಲದಿದ್ದರೂ ಗಾಡಿ ಓಡುತ್ತದೆ, ಹಿಡಿದಲ್ಲಿ ನಿಲ್ಲುತ್ತದೆ. ಸದ್ದು ಮಾತ್ರ ಬೀದಿಗೆಲ್ಲ ಕೇಳುವಷ್ಟಾಗುತ್ತದೆ. ಭಾನುವಾರ ಅಳಿಯನ ಗಾಡಿಯ ಮುಂದಿನ ಬ್ರೇಕು ಬಿಚ್ಚಿದಾಗ ಎಲ್ಲವೂ ಇತ್ತು, ಅದೊಂದು ಇರಲಿಲ್ಲ. ಬೇರೆ ಯಾರೋ ಕೈಹಾಕಿ ಕಳೆದಿದ್ದಾರೆ ಎನ್ನೋಣವೆಂದರೆ ಪ್ಯಾಡ್ ಹಿಡಿಯುವ ಕಡ್ಡಿಯ ತುದಿಯಲ್ಲಿ, ಅದು ಜಾರದಂತೆ ಚುಚ್ಚುವ ಸ್ಪ್ಲಿಟ್ ಪಿನ್ನಿನ ಒಂದು ಕಾಲು ನೆಟ್ಟಗಿತ್ತು, ಇನ್ನೊಂದು ಒಳಕ್ಕೆ ಸುರುಳಿಯಾಗಿತ್ತು. ಒರೆಸುವ ಬಟ್ಟೆಗೆ ತಾಗಬಾರದೆಂದು ಪಿನ್ನನ್ನು ಹಾಗೆ ಸುತ್ತುವವನು ಈ ಊರಿನಲ್ಲಿ ಅವನೊಬ್ಬನೇ. ಹೋದ ವರ್ಷ ಅದೇ ಬ್ರೇಕನ್ನು ತೊಳೆದು ಕೂರಿಸಿದ್ದವನೂ ಅವನೇ. ಅಂದರೆ ತಗಡು ಹಾಕಲು ಮರೆತವನು ತಾನೇ. ಮೂವತ್ತೆಂಟು ವರ್ಷದಲ್ಲಿ ಒಂದು ವಾಷರನ್ನೂ ಮರೆತವನಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವನು, ಅದೂ ಮಗಳ ಮನೆಯ ಗಾಡಿಗೆ, ಮರೆತಿದ್ದ. ಅಳಿಯನಿಗೆ ಅದನ್ನು ಹೇಳಲಿಲ್ಲ. ಹಳೆಯ ಡಬ್ಬಿಯಿಂದ ಅಳತೆಯ ತಗಡೊಂದನ್ನು ಹುಡುಕಿ, ಕಳ್ಳನ ಹಾಗೆ ಬೆನ್ನು ತಿರುಗಿಸಿ ಕೂತು, ಸೇರಿಸಿಬಿಟ್ಟಿದ್ದ.

ಅವನನ್ನು ಜನ ಕರೆಯುತ್ತಿದ್ದುದು ಕಿವಿ ಮೇಸ್ತ್ರಿ ಎಂದು. ಗಾಡಿ ಬೀದಿಯ ತುದಿಯಲ್ಲಿರುವಾಗಲೇ, ನೋಡದೆ, ಇದು ಮುಂದಿನದು, ಇದು ಹಿಂದಿನದು, ಇದು ಧೂಳಿನ ಸದ್ದು, ಇದು ಪ್ಯಾಡು ಸವೆದು ಕಬ್ಬಿಣಕ್ಕೆ ಕಬ್ಬಿಣ ತಿಕ್ಕುವ ಸದ್ದು ಎಂದು ಹೇಳುತ್ತಿದ್ದ. ಆರು ತಿಂಗಳಿಂದ ಈ ಹೆಸರೇ ಅವನಿಗೆ ಮುಳ್ಳಾಗಿತ್ತು. ಅಳಿಯನ ಗಾಡಿ ಊರಿನಲ್ಲಿ ಎಲ್ಲಿ ನಿಂತರೂ ಕಿರುಚುತ್ತಿತ್ತು. ಎದುರಿನ ಹಾರ್ಡ್‌ವೇರ್ ಅಂಗಡಿಯವನಿಗೆ ಅದು ದಿನದ ತಮಾಷೆ. ಮಾವನ ಕಿವಿ ಊರ ಗಾಡಿಗಳಿಗೆ ಮಾತ್ರವೋ, ಮನೆಯವರದ್ದಕ್ಕೆ ರಜೆಯೋ ಎಂದು ಗಿರಾಕಿಗಳ ಮುಂದೆಯೇ ಕೇಳುತ್ತಿದ್ದ. ಇವನು ನಗುತ್ತಿದ್ದ, ಒಳಗೊಳಗೇ ಕುದಿಯುತ್ತಿದ್ದ. ಕೊನೆಗೆ ಮರ್ಯಾದೆ ಬಿಟ್ಟು ತಾನಾಗಿಯೇ ಗಾಡಿ ತರಲು ಹೇಳಿಕಳಿಸಿದ. ಅಳಿಯ ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬಂದ. ಕಚೇರಿಯೊಂದರಲ್ಲಿ ಕಟ್ಟಡಗಳ ನಕ್ಷೆ ಬರೆಯುವವನು; ಮೆಲುಮಾತಿನವನು; ನಿಲ್ಲುವಾಗ ಗಾಡಿಯ ಚಕ್ರವನ್ನು ಗೋಡೆಗೆ ಸರಿಸಮ ಮಾಡಿ ನಿಲ್ಲಿಸುವವನು. ಎರಡು ಕಡೆ ತೋರಿಸಿದ್ದೆ ಮಾವ, ಹೊಸ ಪ್ಯಾಡು ಹಾಕಿದರೂ ವಾರದಲ್ಲಿ ಮತ್ತೆ ಶುರುವಾಗುತ್ತೆ ಎಂದ. ಹೊಸ ಪ್ಯಾಡಿನ ದುಡ್ಡು ತೆಗೆದುಕೊಂಡು, ಬಿಚ್ಚದೆ ಬರೀ ಒರೆಸಿ ಕಳಿಸಿರುತ್ತಾರೆ ಎಂದು ಇವನು ಬೇರೆಯವರನ್ನು ಬೈದ. ಆಮೇಲೆ ಅಳಿಯ, ಹೇಳಲೋ ಬೇಡವೋ ಎನ್ನುವಂತೆ, ನಿಮ್ಮ ಹತ್ತಿರವೇ ತರೋಣ ಅಂದ್ರೆ ಅವಳೇ ಬೇಡ ಅಂದ್ಲು, ಅಪ್ಪನಿಗೆ ಈಗ ಕೈ ನಡುಗುತ್ತೆ ಅಂದ್ಲು ಎಂದ. ಅದು ಇವನ ಎದೆಗೆ ನೆಟ್ಟಗೆ ಹೋಗಿ ಕೂತಿತು. ಅವನ ಕೈ ನಡುಗುತ್ತಿರಲಿಲ್ಲ. ಮಗಳು ಯಾಕೆ ಹಾಗೆಂದಳು ಎಂದು ಅವನು ಕೇಳಿಕೊಳ್ಳಲಿಲ್ಲ, ಹಾಗೆಂದಳಲ್ಲ ಎಂದು ನೊಂದುಕೊಂಡ ಅಷ್ಟೆ.

ಆ ನೋವಿಗೇ ಇರಬೇಕು, ಅಂದು ಅವನು ಜನ್ಮದಲ್ಲಿ ಮಾಡದಷ್ಟು ಚೆನ್ನಾಗಿ ಕೆಲಸ ಮಾಡಿದ. ಡಿಸ್ಕನ್ನು ಮರಳುಕಾಗದದಲ್ಲಿ ತಿಕ್ಕಿದ. ಹೊಸ ಪ್ಯಾಡಿನ ಅಂಚುಗಳನ್ನು ಅರದಲ್ಲಿ ಓರೆಯಾಗಿ ತೀಡಿದ, ಚೂಪು ಅಂಚು ಡಿಸ್ಕಿಗೆ ಕಚ್ಚಿ ನಡುಗಿದಾಗಲೇ ಸದ್ದು ಹುಟ್ಟುವುದರಿಂದ. ಬೆನ್ನಿಗೆ ಬಿಸಿಗೆ ಕರಗದ ಗ್ರೀಸು ಸವರಿದ. ಕೊನೆಗೆ ದೊಡ್ಡ ಬೋಲ್ಟುಗಳ ತಿರುಪಿನ ಗೀರುಗಳಿಗೆ ಕಚ್ಚಿಕೊಳ್ಳುವ ಗೋಂದು ಹಚ್ಚಿ, ಇನ್ನು ಮೇಲೆ ಇದನ್ನು ನಾನಲ್ಲದೆ ಯಾರೂ ಬಿಚ್ಚಬಾರದು ಎಂದು ಹಲ್ಲು ಕಚ್ಚಿ ಬಿಗಿದ. ಗಾಡಿ ಬೀದಿಯಲ್ಲಿ ಹೋಗಿ ತಿರುಗಿ ಬಂದು ನಿಂತಾಗ ಟೈರಿನಡಿ ಮಣ್ಣು ಸರಿದದ್ದು ಬಿಟ್ಟರೆ ಏನೂ ಕೇಳಲಿಲ್ಲ. ಹಾರ್ಡ್‌ವೇರ್‌ನವನ ಕಡೆ ನೋಡಿ ಹುಬ್ಬು ಹಾರಿಸಿದ. ಮನೆಗೆ ಹೋಗಿ ಹೆಂಡತಿಗೆ ಅದನ್ನೇ ಬಣ್ಣಿಸಿ ಬಣ್ಣಿಸಿ ಹೇಳಿದ. ಅವಳು ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಹಾಕಿ, ಒಂದು ಗಳಿಗೆ ಅವನ ಮುಖ ನೋಡಿ, ಒಳಗೆ ಹೋದಳು. ಊಟಕ್ಕೆ ಮತ್ತೆ ಹೊರಗೆ ಬರಲಿಲ್ಲ. ತಲೆನೋವು ಎಂದಳು. ಇಷ್ಟು ವರ್ಷ ಜೊತೆಗಿದ್ದೂ ಗಂಡನ ಕೆಲಸದ ಬೆಲೆ ಗೊತ್ತಾಗದ ಹೆಂಗಸು ಎಂದುಕೊಂಡು ಅವನು ಒಬ್ಬನೇ ಉಂಡಿದ್ದ.

ಇವತ್ತು ಬುಧವಾರ. ಹಾಲಿನವನ ಗಾಡಿ ಮುಂದೆ ನಿಂತಿತ್ತು. ಅವನು ಚಕ್ರ ತಿರುಗಿಸುತ್ತ, ಬ್ರೇಕನ್ನು ಮೆಲ್ಲಗೆ ಹಿಡಿಯುತ್ತ, ಕಿವಿಯನ್ನು ಹತ್ತಿರ ತಂದ. ಸದ್ದು ಬಂತು. ಆದರೆ ಅದು ಯಾವುದರ ಸದ್ದೆಂದು ತಕ್ಷಣ ತಿಳಿಯಲಿಲ್ಲ. ಒಂದು ಸಲ ತಗಡು ಮರೆತವನು ಇನ್ನೇನೇನು ಮರೆತಿರಬಹುದು. ಯಾರ್‍ಯಾರ ಗಾಡಿಯಲ್ಲಿ ಏನೇನು ಬಿಟ್ಟಿರಬಹುದು. ಹಾಲಿನವನು ಏನಂತೆ ಎಂದು ಎರಡು ಸಲ ಕೇಳಿದ. ಸಂಜೆ ಹೇಳ್ತೀನಿ, ಬಿಟ್ಟು ಹೋಗು ಎಂದ. ಕಿವಿ ಮೇಸ್ತ್ರಿ ಗಾಡಿಯನ್ನು ಬಿಟ್ಟು ಹೋಗು ಎಂದದ್ದು ಹಾಲಿನವನಿಗೂ ಸೋಜಿಗವೆನಿಸಿರಬೇಕು, ತಿರುಗಿ ತಿರುಗಿ ನೋಡುತ್ತ ಹೋದ. ಚಕ್ರ ಇನ್ನೂ ತಿರುಗುತ್ತಿತ್ತು. ಅದರ ಆಚೆ, ಬಾಗಿಲಿನ ಬೆಳಕಿನಲ್ಲಿ, ಮಗಳು ನಿಂತಿದ್ದಳು.

ಮದುವೆಯಾದ ಮೇಲೆ ಅವಳು ಗ್ಯಾರೇಜಿಗೆ ಬಂದೇ ಇರಲಿಲ್ಲ. ಮೊದಲು ಇಲ್ಲೇ ಬೆಳೆದವಳು. ಶಾಲೆ ಬಿಟ್ಟೊಡನೆ ಬಂದು, ಚೀಲ ಎಸೆದು, ಮೊಳೆ ನಟ್ಟುಗಳ ಡಬ್ಬಿಗಳ ನಡುವೆ ಕೂರುತ್ತಿದ್ದಳು. ಹತ್ತು ಹನ್ನೊಂದರ ಪಾನಾ ಕೊಡು ಎಂದರೆ ಆ ಸ್ಪ್ಯಾನರನ್ನು ನೋಡದೆ ಕೈಗೆ ಇಡುತ್ತಿದ್ದಳು. ಹೆಣ್ಣುಮಗುವಿನ ಉಗುರಿನಲ್ಲಿ ಗ್ರೀಸು ಎಂದು ತಾಯಿ ಗೊಣಗುತ್ತಿದ್ದಳು. ಇವನಿಗೆ ಅದೇ ಹೆಮ್ಮೆ. ಈಗ ಅವಳು ಒಳಗೆ ಬಂದು, ಅದೇ ಡಬ್ಬಿಗಳ ಪಕ್ಕದ ಮರದ ಪೆಟ್ಟಿಗೆಯ ಮೇಲೆ ಕೂತು, ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಚೆನ್ನಾಗಿದೀಯಾ ಎಂದ. ಹೂಂ ಎಂದಳು. ಅಮ್ಮ ಹೇಗಿದಾಳೆ ಎಂದಳು. ಅವಳಿಗೇನು, ತಲೆನೋವಂತೆ ಎಂದ. ಆಮೇಲೆ, ತಡೆದುಕೊಳ್ಳಲಾಗದೆ, ನನಗೆ ಕೈ ನಡುಗುತ್ತೆ ಅಂದೆಯಂತೆ ಎಂದು ಕೇಳಿಯೇಬಿಟ್ಟ. ಕೇಳಬಾರದಿತ್ತು ಎಂದು ಕೇಳುವಾಗಲೇ ಅನಿಸಿತು. ಎರಡೂ ಕೈಗಳನ್ನು ಅವಳ ಮುಂದೆ ಚಾಚಿ ಹಿಡಿದು, ನೋಡು, ಎಲ್ಲಿ ನಡುಗುತ್ತೆ ಎಂದ. ಮಗಳು ಆ ಕೈಗಳನ್ನು ನೋಡಿ ನಗಲಿಲ್ಲ. ಸೆರಗಿನಿಂದ ತನ್ನ ಕೈ ತೆಗೆದು ಅವುಗಳ ಪಕ್ಕದಲ್ಲಿ ಚಾಚಿದಳು.

ನಾಲ್ಕು ಗೆಣ್ಣುಗಳ ಮೇಲೂ ಚರ್ಮ ಕಿತ್ತು ಬಂದಿತ್ತು. ಆ ಗಾಯ ಅವನಿಗೆ ತನ್ನ ಕೈಯಷ್ಟೇ ಗೊತ್ತು. ಕಚ್ಚಿಕೊಂಡ ಬೋಲ್ಟಿನ ಮೇಲೆ ಮೈಭಾರವೆಲ್ಲ ಹಾಕಿ ಒತ್ತುವಾಗ ಪಾನಾ ಜಾರಿದರೆ ಕೈ ಹೋಗಿ ಬಡಿಯುವುದು ಡಿಸ್ಕಿನ ಅಂಚಿಗೆ. ಬಡಿದರೆ ಹೀಗೇ, ಒಂದೇ ಸಾಲಿನಲ್ಲಿ, ಕಿರುಬೆರಳಿನ ಕಡೆ ಆಳವಾಗಿ. ಯಾವ ಗಾಡಿ ಬಿಚ್ಚೋಕೆ ಹೋಗಿದ್ದೆ ಮಾರಾಯ್ತಿ ಎಂದು ಅರ್ಧ ನಗುತ್ತಲೇ ಕೇಳಿದ. ಕೇಳಿ ಮುಗಿಯುವ ಮೊದಲೇ ಅವನ ಕಣ್ಣು ಸೆರಗು ಸರಿದ ತೋಳಿಗೆ ಹೋಯಿತು. ಮೊಣಕೈಯ ಕೆಳಗೆ ನಾಲ್ಕು ಬೆರಳು ಒತ್ತಿದ ನೀಲಿ ಗುರುತು, ಅದರ ಮೇಲೆ ಹಳದಿಗೆ ತಿರುಗಿದ ಇನ್ನೊಂದು, ಹಳೆಯದು. ಯಾವ ಪಾನಾ ಜಾರಿದರೂ ಅಂಥ ಗುರುತು ಆಗುವುದಿಲ್ಲ. ಅವನು ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತ.

"ಅಪ್ಪ, ಆ ತಗಡು ತೆಗೆದಿದ್ದು ನಾನು," ಎಂದಳು ಮಗಳು. "ಮೂರು ಸಲ ತೆಗೆದೆ. ಈ ಸಲ ಬೋಲ್ಟು ಜಗ್ತಾನೇ ಇಲ್ಲ."

ಆಮೇಲೆ ಅವಳು ಹೇಳಿದ್ದನ್ನು ಅವನು ಕೇಳಿಸಿಕೊಂಡದ್ದು ತುಂಡು ತುಂಡಾಗಿ, ಒಮ್ಮೆ ಅವಳ ಬಾಯಿಂದ, ಒಮ್ಮೆ ತನ್ನ ತಲೆಯೊಳಗಿಂದ. ಅವರ ಬೀದಿಗೆ ತಿರುಗುವಲ್ಲಿ ಇಳಿಜಾರಿದೆ, ಬ್ರೇಕು ಹಿಡಿಯಲೇಬೇಕು. ಅಲ್ಲಿಂದ ಗೇಟಿಗೆ, ಗೇಟಿನಿಂದ ಗೋಡೆಗೆ, ಗಾಡಿಯನ್ನು ಗೋಡೆಗೆ ಸರಿಸಮ ನಿಲ್ಲಿಸಿ, ಬಟ್ಟೆಯಿಂದ ಒರೆಸಿ, ಹೆಲ್ಮೆಟ್ಟು ತೆಗೆದು ಬಾಗಿಲಿಗೆ ಬರಲು ಎರಡು ನಿಮಿಷ. ತಿರುವಿನಲ್ಲಿ ಸದ್ದು ಕೇಳಿದರೆ ಆ ಎರಡು ನಿಮಿಷ ಅವಳದು. ರೇಡಿಯೋ ಆರಿಸಬಹುದು. ಹೊಲಿಗೆಯ ಚೂರುಗಳನ್ನು ಬಳಿಯಬಹುದು, ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳಬಹುದು, ಮುಖ ತೊಳೆಯಬಹುದು. ಗಂಡನಿಗೆ ವಸ್ತುಗಳು ಇಟ್ಟಲ್ಲೇ ಇರಬೇಕು. ಮುಖವೂ. ಮೊದಲ ಸಲ ತಗಡು ತೆಗೆದದ್ದು ಅವನು ಮಧ್ಯಾಹ್ನ ಮಲಗಿದ್ದಾಗ. ಆಮೇಲೆ ಎರಡು ಸಲ, ಬೇರೆ ಮೇಸ್ತ್ರಿಗಳು ಹೊಸದು ಹಾಕಿದಾಗಲೆಲ್ಲ. ಹಿಡಿತ ಕಮ್ಮಿಯಾಗದೆ ಸದ್ದು ಮಾತ್ರ ಬರಬೇಕಾದರೆ ಏನು ತೆಗೆಯಬೇಕೆಂದು ಅವಳಿಗೆ ಈ ಗ್ಯಾರೇಜಿನಲ್ಲೇ ತಿಳಿದಿತ್ತು. ಪಿನ್ನನ್ನು ಅಪ್ಪ ಸುತ್ತಿದ ಹಾಗೇ ಸುತ್ತಿಟ್ಟಿದ್ದಳು. ಗಂಡ ಗಾಡಿಯನ್ನು ಇಲ್ಲಿಗೆ ತರಬಾರದೆಂದೇ ಕೈ ನಡುಗುತ್ತೆ ಎಂದಿದ್ದಳು. ಬೇರೆ ಯಾರಿಗೆ ಗೊತ್ತಾಗದಿದ್ದರೂ ಅಪ್ಪನಿಗೆ ಗೊತ್ತಾಗುತ್ತಿತ್ತು. ಭಾನುವಾರ ಸಂಜೆ ಅವಳು ರೇಡಿಯೋ ಕೇಳುತ್ತ ಹೊಲಿಯುತ್ತಿದ್ದಳು. ತಲೆ ಎತ್ತಿದಾಗ ಗಂಡ ಹಿಂದೆಯೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ ಅವಳಿಗೆ ಗೊತ್ತಾಗಲಿಲ್ಲ.

"ತಗಡು ತೆಗೆದುಕೊಡಪ್ಪ. ಅಷ್ಟು ಸಾಕು."

ಮನೆಗೆ ಬಾ ಎಂದ. ಗಂಟಲಿನಿಂದ ಹೊರಟ ಮಾತು ಅವನಿಗೇ ಅಪರಿಚಿತವಾಗಿ ಕೇಳಿಸಿತು. ಈಗಲೇ ಬಾ, ನಡೆ, ಬಾಗಿಲು ಹಾಕಿಬಿಡ್ತೀನಿ ಎಂದ. ಮಗಳು ಅವನನ್ನು ನೋಡಿದಳು. ಸಿಟ್ಟಿರಲಿಲ್ಲ, ಸಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಬಂದಿದ್ದೆನಲ್ಲಪ್ಪ," ಎಂದಳು.

ಬಂದಿದ್ದಳು. ಮೂರು ವರ್ಷದ ಹಿಂದೆ, ಮದುವೆಯಾಗಿ ಮೂರು ತಿಂಗಳಿಗೆ, ಒಂದು ಬೆಳಿಗ್ಗೆ, ಕೈಯಲ್ಲಿ ಒಂದೇ ಚೀಲ ಹಿಡಿದು ಬಂದಿದ್ದಳು. ಅವರಿಗೆ ಕೋಪ ಜಾಸ್ತಿ ಎಂದಿದ್ದಳು. ಅಷ್ಟೇ ಅಂದಿದ್ದಳೋ ಅಥವಾ ಅಷ್ಟೇ ಕೇಳಿಸಿಕೊಂಡು ಅವನು ಕಿವಿ ಮುಚ್ಚಿದನೋ. ಅಂದು ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಏನೋ ದೊಡ್ಡ ಮಾತು ಹೇಳುವವನ ಗತ್ತಿನಲ್ಲಿ, ಹೊಸ ಪ್ಯಾಡು ಮೊದಮೊದಲು ಕೂಗೇ ಕೂಗುತ್ತೆ ಮಗಳೇ, ಡಿಸ್ಕಿಗೆ ಹೊಂದಿಕೊಂಡರೆ ತಾನಾಗಿ ನಿಲ್ಲುತ್ತೆ ಎಂದಿದ್ದ. ಆ ಹೋಲಿಕೆ ತನಗೇ ಎಷ್ಟು ಹಿಡಿಸಿತ್ತೆಂದರೆ ಆಮೇಲೆ ಗಿರಾಕಿಗಳಿಗೂ ಹೇಳಿ ನಗಿಸಿದ್ದ. ಮಗಳು ಕೂಡ ನಕ್ಕಿದ್ದಳು. ತಾಯಿ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಂದೆರಡು ದಿನ ಇರಲಿ ಬಿಡಿ ಎಂದಿದ್ದಳು. ಇವನು ಊರಿನ ಆಚೆ ತುದಿಯ ಅವರ ಬಡಾವಣೆಗೆ ಹೋಗುವ ಸಂಜೆಯ ಬಸ್ಸಿಗೆ ತಾನೇ ಹೋಗಿ ಹತ್ತಿಸಿ, ಕಿಟಕಿಯ ಹತ್ತಿರ ಸೀಟು ಹಿಡಿದುಕೊಟ್ಟು ಬಂದಿದ್ದ. ಕಿಟಕಿಯ ಸೀಟು ಸಿಕ್ಕಿದ್ದಕ್ಕೆ ಸಮಾಧಾನಪಟ್ಟುಕೊಂಡಿದ್ದ. ಅವತ್ತಿನಿಂದ ಅವಳು ಅವನ ಹತ್ತಿರ ಏನೂ ಕೇಳಿರಲಿಲ್ಲ. ತಾಯಿಯ ಹತ್ತಿರ ಎಲ್ಲವನ್ನೂ ಹೇಳಿಕೊಂಡಿದ್ದಳು, ಭಾನುವಾರದ ತಲೆನೋವು ಈಗ ಅವನಿಗೆ ಅರ್ಥವಾಯಿತು. ಈ ಊರಿನ ಎಲ್ಲ ಗಾಡಿಗಳ ಸದ್ದು ಗೊತ್ತಿದ್ದವನಿಗೆ ಗೊತ್ತಿಲ್ಲದ್ದು ತನ್ನ ಮನೆಯ ಇಬ್ಬರು ಹೆಂಗಸರಿಗೆ ಗೊತ್ತಿತ್ತು, ಅವನಿಗೆ ಹೇಳಿ ಪ್ರಯೋಜನವಿಲ್ಲವೆಂದು ಅವರಿಬ್ಬರೂ ಬಿಟ್ಟಿದ್ದರು. ಹೇಳಿದ್ದರೆ ತಾನು ಇನ್ನೊಂದು ಹೋಲಿಕೆ ಕೊಡುತ್ತಿದ್ದೆ ಎಂಬುದೂ ಅವನಿಗೆ ಗೊತ್ತಿತ್ತು.

ಹನ್ನೆರಡಕ್ಕೆ ಅವರು ಊಟಕ್ಕೆ ಕೂರ್ತಾರೆ, ಗಾಡಿ ಕಚೇರಿ ಸ್ಟ್ಯಾಂಡಲ್ಲಿರುತ್ತೆ ಎಂದು ಹೇಳಿ ಮಗಳು ಎದ್ದಳು. ಹೋಗುವ ಮುಂಚೆ ಮೂಲೆಯ ನಲ್ಲಿಯಲ್ಲಿ ಕೈ ತೊಳೆದು, ಹಳೆಯ ಅಭ್ಯಾಸದಿಂದ, ನೆಲದಲ್ಲಿ ಬಿದ್ದಿದ್ದ ಪಾನಾವನ್ನು ಎತ್ತಿ ಅದರ ಜಾಗಕ್ಕೆ ನೇತುಹಾಕಿದಳು. ಅವಳು ಹೋದ ಮೇಲೆ ಅವನು ಹಾಲಿನವನ ಗಾಡಿಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸಿದ. ಆಮೇಲೆ ಕೆಲಸದ ಬಗ್ಗೆ ಯೋಚಿಸಿದ; ಅದೊಂದು ಅವನಿಗೆ ಬರುತ್ತಿತ್ತು. ಬರೀ ತಗಡು ತೆಗೆದರೆ ಸಾಲದು. ಅಂಚು ತೀಡಿದ ಪ್ಯಾಡು, ಬೆನ್ನಿಗೆ ಗ್ರೀಸು, ಉಜ್ಜಿದ ಡಿಸ್ಕು. ಎಲ್ಲ ಕಡೆಯಿಂದಲೂ ಸದ್ದಿನ ಕತ್ತು ಹಿಸುಕಿಟ್ಟಿದ್ದ. ಈಗ ಒಂದೊಂದನ್ನೂ ತಿರುಗುಮುರುಗು ಮಾಡಬೇಕು. ಸದ್ದು ಕಳೆಯುವುದನ್ನು ಕಲಿತವನು ಸದ್ದು ಬರಿಸುವುದನ್ನು ಯಾವತ್ತೂ ಮಾಡಿದವನಲ್ಲ. ಗುಜರಿ ಡಬ್ಬಿಯನ್ನು ನೆಲಕ್ಕೆ ಸುರಿದು, ಭಾನುವಾರ ಕಳಚಿ ಎಸೆದಿದ್ದ ಹಳೆಯ ಪ್ಯಾಡುಗಳನ್ನು ಹುಡುಕಿದ. ಇನ್ನೂ ಅರ್ಧ ದಪ್ಪವಿತ್ತು, ಅಂಚು ಚೂಪಾಗಿತ್ತು, ಮುಖ ಗಾಜಿನಂತೆ ಮಿನುಗುತ್ತಿತ್ತು. ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದ. ಗೋಂದು ಸಡಿಲಿಸಲು ಕಾಯಿಸುವ ದೀಪ, ಉದ್ದ ಹಿಡಿಯ ಪಾನಾ, ಒಂದು ಕೊಳವೆ. ಗ್ಯಾರೇಜಿನ ಬಾಗಿಲು ಎಳೆದು ಹೊರಟಾಗ ಹಾರ್ಡ್‌ವೇರ್‌ನವನು ಏನೋ ತಮಾಷೆ ಮಾಡಿದ. ಏನೆಂದು ಕೇಳಿಸಲಿಲ್ಲ.

ಕಚೇರಿಯ ಸ್ಟ್ಯಾಂಡಿನಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಅಳಿಯನದ್ದನ್ನು ದೂರದಿಂದಲೇ ಗುರುತಿಸಬಹುದಿತ್ತು, ಎಲ್ಲಕ್ಕಿಂತ ನೆಟ್ಟಗೆ ನಿಂತಿತ್ತು. ಕಾವಲುಗಾರ ಇವನನ್ನು ಕಂಡು, ಮಾವ ಅಂದ್ರೆ ಹೀಗಿರಬೇಕು, ಆಫೀಸಿಗೇ ಬಂದು ರಿಪೇರಿ ಮಾಡೋದಾ ಎಂದು ಹೊಗಳಿ, ಕೂರಲು ರಟ್ಟಿನ ತುಂಡು ಕೊಟ್ಟ. ಇವನು ಮಂಡಿಯೂರಿದ. ಬೋಲ್ಟಿನ ತಲೆಯ ಮೂಲೆಗಳು ಸವೆದಿದ್ದವು. ಪಕ್ಕದ ಡಿಸ್ಕಿನ ಅಂಚಿನಲ್ಲಿ ಒಣಗಿದ ಕಂದು ಕಲೆಯಿತ್ತು. ಮಗಳ ಗೆಣ್ಣಿನ ರಕ್ತ. ತಾನೇ ಬಿಗಿದದ್ದು. ನಾನಲ್ಲದೆ ಯಾರೂ ಬಿಚ್ಚಬಾರದು ಎಂದು ಬಿಗಿದದ್ದು. ಉಗುಳು ಹಚ್ಚಿ ಆ ಕಲೆಯನ್ನು ಹೆಬ್ಬೆರಳಿನಿಂದ ಒರೆಸಿದ, ಎರಡನೆಯ ಸಲ ಒರೆಸಿದ, ಹೋಯಿತು. ದೀಪದಿಂದ ಬೋಲ್ಟನ್ನು ಕಾಯಿಸಿ, ಪಾನಾಕ್ಕೆ ಕೊಳವೆ ತೊಡಿಸಿ, ಭುಜ ಕೊಟ್ಟು ಎಳೆದ. ಗಂಡಸಿನ ಭುಜಕ್ಕೂ ಅದು ಸುಲಭವಾಗಿ ಬಿಡಲಿಲ್ಲ.

ಹಳೆಯ ಪ್ಯಾಡು ಕೂರಿಸಿ, ತಗಡನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಾಗ ಪಕ್ಕದಲ್ಲಿ ಪಾಲಿಶ್ ಮಾಡಿದ ಬೂಟುಗಳು ಬಂದು ನಿಂತವು. ಏನು ಮಾವ ಇಲ್ಲಿ ಎಂದ ಅಳಿಯ, ಊಟ ಮಾಡಿದಿರಾ ಎಂದ. ಕೈ ತೊಳೆದ ನೀರು ಅವನ ಬೆರಳುಗಳಲ್ಲಿ ಇನ್ನೂ ಇತ್ತು. ಉದ್ದನೆಯ, ಶುಭ್ರವಾದ ಬೆರಳುಗಳು. ಇವನು ಆ ನಾಲ್ಕು ಬೆರಳುಗಳನ್ನೇ ನೋಡಿದ. ಹೇಳಬೇಕಾದ ಮಾತು ಎದ್ದು ಬಾಯಿಗೆ ಬಂತು, ನನ್ನ ಮಗಳ ಮೈಮುಟ್ಟಿದರೆ ಎಂದು ಶುರುವಾಗುವ ಮಾತು. ಕೈಯಲ್ಲಿ ಒಂದೂವರೆ ಅಡಿಯ ಪಾನಾ ಇತ್ತು. ನಾಲ್ಕು ಜನ ಕಚೇರಿಯವರು ಮೆಟ್ಟಿಲಿಳಿಯುತ್ತಿದ್ದರು. ಇವನ ಬಾಯಿಂದ ಬಂದದ್ದು, ಏನಿಲ್ಲ ಅಳಿಯಂದ್ರೇ, ಬೋಲ್ಟು ಸ್ವಲ್ಪ ಸಡಿಲ ಇತ್ತೇನೋ ಅನ್ನೋ ಅನುಮಾನ, ನೋಡಿ ಹೋಗೋಣ ಅಂತ ಬಂದೆ. ಜೊತೆಗೆ ನಗು ಕೂಡ ಬಂತು, ಕರೆಯದೆ.

"ತುಂಬಾ ಚೆನ್ನಾಗಾಗಿದೆ ಮಾವ," ಎಂದ ಅಳಿಯ. "ಈಗ ಬಾಗಿಲ ತನಕ ಬಂದ್ರೂ ಅವಳಿಗೆ ಗೊತ್ತೇ ಆಗಲ್ಲ."

ಅದನ್ನು ಮೆಚ್ಚುಗೆಯಾಗಿಯೇ ಹೇಳಿದ್ದ. ಇವನು ಮಂಡಿಯ ಮೇಲೆಯೇ ಕೂತು ತಲೆಯಾಡಿಸಿದ. ಮತ್ತೆ ಸದ್ದು ಬಂದರೂ ಬರಬಹುದು, ಡಿಸ್ಕೇ ಸ್ವಲ್ಪ ಡೊಂಕಾದ ಹಾಗಿದೆ, ಯಾರು ಏನು ಮಾಡಿದರೂ ಅದು ಹೋಗುವಂಥದ್ದಲ್ಲ, ಇನ್ನು ಯಾರಿಗೂ ತೋರಿಸಬೇಡಿ ಎಂದು, ಸುಳ್ಳನ್ನು ನೆಲ ನೋಡಿಕೊಂಡು ಹೇಳಿದ. ಅಂದಿನ ತನಕ ತನ್ನ ಕಸುಬಿನ ಬಗ್ಗೆ ಅವನು ಸುಳ್ಳು ಹೇಳಿದವನಲ್ಲ. ಅಳಿಯನ ಮುಖದಲ್ಲಿ ಸಣ್ಣ ಬೇಸರ ಹಾದುಹೋಯಿತು. ನಿಮ್ಮ ಕೈಲೂ ಆಗಲ್ಲ ಅಂದ್ರೆ ಇನ್ನು ಯಾರ ಕೈಲಾಗುತ್ತೆ ಬಿಡಿ ಎಂದು, ಇವನ ಮಸಿಹತ್ತಿದ ಭುಜವನ್ನು ಮುಟ್ಟದೆ, ಮೇಲೆ ಹೋದ. ಅವಮಾನವಾದದ್ದು ಆ ಮಾತಿಗಲ್ಲ. ಆ ಮಾತು ಕೇಳಿ ಮೈ ಹಗುರವಾಯಿತಲ್ಲ, ಬಚಾವಾದೆ ಎನಿಸಿತಲ್ಲ, ಅದಕ್ಕೆ.

ಐದು ಗಂಟೆಗೆ ಅವನು ಮಗಳ ಮನೆಯ ಅಡುಗೆಮನೆಯಲ್ಲಿ ಕೂತಿದ್ದ. ಸದ್ದು ಒಳಗೆ ಕೇಳುವಷ್ಟು ಬರುತ್ತದೋ ಇಲ್ಲವೋ ಎಂದು ನೋಡದೆ ಕೆಲಸ ಮುಗಿಯಿತೆನ್ನುವುದು ಅವನಿಗೆ ಆಗದ ಮಾತು. ಸ್ಟ್ಯಾಂಡಿನಲ್ಲಿ ನೂಕಿ ನೋಡಿದಾಗ ಸಣ್ಣದಾಗಿ ನರಳಿತ್ತು, ಇಳಿಜಾರಿನಲ್ಲಿ ಏನು ಮಾಡುತ್ತದೋ. ಮಗಳು ಅವನಿಗೆ ಚಹಾ ಕೊಟ್ಟು ಕಿಟಕಿಯ ಪಕ್ಕದ ಹೊಲಿಗೆ ಯಂತ್ರಕ್ಕೆ ಕೂತಳು. ನೆರೆಮನೆಯವರ ಕಿಟಕಿ ಪರದೆಯಂತೆ, ನೀಲಿ ಬಟ್ಟೆ, ನೆಲದ ತುಂಬ ಚೂರುಗಳು. ರೇಡಿಯೋದಲ್ಲಿ ಯಾರೋ ತೋಟಕ್ಕೆ ಗೊಬ್ಬರ ಹಾಕುವ ಬಗ್ಗೆ ಮಾತಾಡುತ್ತಿದ್ದರು. ಇದನ್ನೇನು ಕೇಳ್ತೀಯ ಎಂದ. ಯಾರೋ ಮಾತಾಡ್ತಿದ್ರೆ ಸಾಕು ಎಂದಳು. ಗಾಯಕ್ಕೆ ಬಟ್ಟೆ ಸುತ್ತಿದ್ದ ಕೈ ಯಂತ್ರದ ಚಕ್ರವನ್ನು ತಿರುಗಿಸುವುದನ್ನು ನೋಡುತ್ತ ಅವನಿಗೆ ಅಳು ಬಂತು. ಚಹಾ ಕುಡಿಯುವ ನೆಪದಲ್ಲಿ ಲೋಟವನ್ನು ಮುಖಕ್ಕೆ ಹಿಡಿದ. ನಾಳೆಯೇ ಹೇಳ್ತೀನಿ ಅವನಿಗೆ, ಕೂರಿಸಿ ಹೇಳ್ತೀನಿ ಎಂದ. ಮಗಳು ದಾರ ಕಚ್ಚಿ ತುಂಡರಿಸಿ, ಬೇಡಪ್ಪ ಎಂದಳು. ಅಷ್ಟರಲ್ಲಿ ಅದು ಬಂತು.

ತಿರುವಿನಲ್ಲಿ, ಉದ್ದಕ್ಕೆ, ಮೇಲಕ್ಕೇರಿ, ಕಬ್ಬಿಣ ಅತ್ತ ಹಾಗೆ. ಗೋಡೆ, ಮುಚ್ಚಿದ ಕಿಟಕಿ, ರೇಡಿಯೋ ಎಲ್ಲ ದಾಟಿ ಅಡುಗೆಮನೆಯ ನಡುವಿಗೆ ಬಂತು. ಮಗಳ ಮುಖ ಅರಳಿತು. ಅವನು ಅದನ್ನು ಕಣ್ಣಾರೆ ನೋಡಿದ. ಚಿಕ್ಕವಳಿದ್ದಾಗ ಸತ್ತ ಎಂಜಿನ್ ಹೊತ್ತಿಕೊಂಡರೆ ಅರಳುತ್ತಿದ್ದ ಅದೇ ಮುಖ. "ಸರಿಯಾಗಿದೆಯಪ್ಪ," ಎಂದಳು. "ಮುಂಚೆಗಿಂತ ಚೆನ್ನಾಗಿ ಕೇಳ್ತಿದೆ." ಇಷ್ಟು ವರ್ಷಗಳಲ್ಲಿ ಯಾರು ಹೊಗಳಿದ್ದಕ್ಕೂ ಅವನಿಗೆ ಇಷ್ಟು ನೋವಾಗಿರಲಿಲ್ಲ.

ಅಷ್ಟು ಹೇಳಿ ಅವಳು ಎದ್ದಿದ್ದಳು. ರೇಡಿಯೋ ನಿಂತಿತು. ನೀಲಿ ಬಟ್ಟೆ ಮಡಿಕೆಯಾಗಿ ಪೆಟ್ಟಿಗೆಗೆ ಹೋಯಿತು, ಚೂರುಗಳು ಒಂದೇ ಬಳಿತಕ್ಕೆ ಮೊರ ಸೇರಿದವು. ಯಂತ್ರಕ್ಕೆ ಮುಸುಕು. ಕುರ್ಚಿ ಮೇಜಿನ ಕೆಳಗೆ, ಅಂಚಿಗೆ ಅಂಚು. ಒಂದು ಹೆಜ್ಜೆಯೂ ಹೆಚ್ಚಿಗೆ ಇರಲಿಲ್ಲ. ಎಷ್ಟು ಸಲ ಮಾಡಿದರೆ ಒಂದು ಕೆಲಸಕ್ಕೆ ಅಂಥ ಅಳತೆ ಬರುತ್ತದೆಂದು ಕಸುಬಿನವನಿಗೆ ಗೊತ್ತಿತ್ತು. ಅವನ ಕೈಯಿಂದ ಲೋಟ ತೆಗೆದು ತೊಳೆದು ಬೋರಲು ಹಾಕಿದಳು. ನೀರು ಎರಚಿಕೊಂಡು ಮುಖ ಒರೆಸಿದಳು, ಒರೆಸಿದ ಬಟ್ಟೆಯ ಕೆಳಗಿನಿಂದ ಬೇರೆ ಯಾರದ್ದೋ ಮುಖ ಬಂತು. ಅವನ ಚೀಲವನ್ನು ಎತ್ತಿ ಕೈಗೆ ಕೊಟ್ಟು ಹಿತ್ತಲ ಬಾಗಿಲು ತೆರೆದಳು. ನಾನು ಇರ್ತೀನಿ ಎಂದ. "ನೀನಿದ್ರೆ ಇರೋ ತನಕ ಏನೂ ಆಗಲ್ಲಪ್ಪ," ಎಂದಳು ಪಿಸುದನಿಯಲ್ಲಿ, "ನೀನು ಹೋದ ಮೇಲೆ ಜಾಸ್ತಿ ಆಗುತ್ತೆ." ಗೇಟು ಕಿರ್ರೆಂದಿತು. ಅವನು ಹೊರಗೆ ಹೋದ. ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಸದ್ದು ಮಾಡದೆ ಹೋದ.

ಹಿತ್ತಲ ಓಣಿಯಲ್ಲಿ ಗೋಡೆಗೆ ಒರಗಿ ನಿಂತ. ಒಳಗಿನಿಂದ ಅಳಿಯನ ಮೆಲುದನಿ ಕೇಳಿತು, ಲೋಟ ಯಾಕೆ ಒದ್ದೆಯಿದೆ, ಯಾರು ಬಂದಿದ್ರು. ಮಗಳು ಉತ್ತರ ಕೊಟ್ಟಳು. ಏನು ಹೇಳಿದಳೆಂದು ಅವನು ಕೇಳಲಿಲ್ಲ, ಆ ದನಿಯನ್ನು ಕೇಳಿದ. ಲವಲವಿಕೆಯ, ಎತ್ತರದ, ತುದಿಯಲ್ಲಿ ಸಣ್ಣಗೆ ನಡುಗುವ ದನಿ. ಯಾವುದಾದರೂ ಗಾಡಿ ಆ ಸದ್ದು ಮಾಡಿದ್ದರೆ, ಇದನ್ನು ಇನ್ನು ಒಂದು ಮಾರು ಓಡಿಸಬೇಡಿ, ಇಲ್ಲೇ ಬಿಟ್ಟು ಹೋಗಿ ಎನ್ನುತ್ತಿದ್ದ. ಚಪ್ಪಲಿ ನೆಲಕ್ಕೆ ಹಾಕಿ ಮೆಟ್ಟಿದ. ಓಣಿ ಬಳಸಿ ಮುಂದಿನ ಬೀದಿಗೆ ಬಂದ. ಗೇಟು ತೆರೆದ. ಬಾಗಿಲು ತಟ್ಟಿದ.

ಬನ್ನಿ ಮಾವ ಎಂದ ಅಳಿಯ. ಅವನ ಹಿಂದೆ ಮಗಳು ಕಣ್ಣಿನಲ್ಲೇ ಬೇಡ ಎನ್ನುತ್ತಿದ್ದಳು. ಅವನು ಒಳಗೆ ಹೋಗಲಿಲ್ಲ.

"ಮಗಳನ್ನ ಕರ್ಕೊಂಡು ಹೋಗೋಕೆ ಬಂದಿದೀನಿ," ಎಂದ.

ಕೊನೆಗೂ ಆಡಿದ ಮಾತು ಹೊಸ್ತಿಲ ಮೇಲೆ ನಿಂತಿತು. ಅಳಿಯ ಮೆಲ್ಲಗೆ ತಿರುಗಿ ಹೆಂಡತಿಯ ಮುಖ ನೋಡಿದ, ಅಷ್ಟೆ. ಅವಳು ನಕ್ಕಳು. "ಏನಪ್ಪ ಇದು, ಇದ್ದಕ್ಕಿದ್ದ ಹಾಗೆ," ಎಂದಳು, ಅದೇ ಲವಲವಿಕೆಯಲ್ಲಿ. "ನಾನೆಲ್ಲಿಗೂ ಬರಲ್ಲ. ಅಪ್ಪನಿಗೆ ವಯಸ್ಸಾಯ್ತು ರೀ, ಅಮ್ಮನ ಜೊತೆ ಜಗಳ ಆಡ್ಕೊಂಡಿರ್ತಾರೆ." ಅಳಿಯನೂ ನಕ್ಕ. ಇವನೊಬ್ಬ ನಗಲಿಲ್ಲ. ಮೂರು ವರ್ಷ ತಡವಾಗಿ ಬಂದ ಮಾತನ್ನು ನಂಬಿ ಹೊರಗೆ ಕಾಲಿಡಲು ಅವಳಿಗೆ ಧೈರ್ಯವಿರಲಿಲ್ಲ. ಅವಳು ಹೊರಗೆ ಬಂದರೆ ಇವನು ಸಂಜೆಯ ಬಸ್ಸಿಗೆ ಮತ್ತೆ ಹತ್ತಿಸುವುದಿಲ್ಲವೆಂದು ಏನು ಗ್ಯಾರಂಟಿ. ಹೋಗಿ ಬಾಪ್ಪ, ಅಮ್ಮ ಕಾಯ್ತಿರ್ತಾಳೆ ಎಂದಳು. ಬಾಗಿಲು ಮೆಲ್ಲಗೆ, ಮರ್ಯಾದೆಯಿಂದ, ಮುಚ್ಚಿತು. ಒಳಗಡೆ ಚಿಲಕ ಬಿತ್ತು.

ಅವನು ಗೇಟಿನ ತನಕ ಬಂದ. ಗೇಟಿಗೆ ಕೈಯಿಟ್ಟ. ಹಿಂದೆ, ಮನೆಯೊಳಗೆ, ಏನೂ ಕೇಳುತ್ತಿರಲಿಲ್ಲ. ಬೈಗಳಿಲ್ಲ, ಪಾತ್ರೆ ಬಿದ್ದದ್ದಿಲ್ಲ, ಮೆಲುದನಿಯೂ ಇಲ್ಲ. ಬೀದಿಯಲ್ಲಿ ಬೆಳಕು ಇನ್ನೂ ಇತ್ತು, ಎದುರು ಮನೆಯ ಹೆಂಗಸು ಬಟ್ಟೆ ಒಳಗೆ ತೆಗೆದುಕೊಳ್ಳುತ್ತ ಇವನನ್ನು ನೋಡಿದಳು. ನೀನು ಇರೋ ತನಕ ಏನೂ ಆಗಲ್ಲ ಎಂದಿದ್ದಳು ಮಗಳು. ಅವನು ವಾಪಸು ಬಂದು, ಮುಚ್ಚಿದ ಬಾಗಿಲಿಗೆ ಬೆನ್ನು ಮಾಡಿ, ಮೆಟ್ಟಿಲ ಮೇಲೆ ಕೂತ. ಎಷ್ಟು ಹೊತ್ತು ಕೂರಬೇಕೆಂದು, ಎದ್ದು ಹೋದ ಮೇಲೆ ಏನೆಂದು, ಅವನಿಗೆ ಗೊತ್ತಿರಲಿಲ್ಲ. ಚೀಲವನ್ನು ಪಕ್ಕಕ್ಕಿಟ್ಟ. ಕೆಮ್ಮಿದ. ಅವನಿಗೆ ಕೆಮ್ಮಿರಲಿಲ್ಲ. ಒಳಗೆ ಹೆಜ್ಜೆಯೊಂದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ಒಳಗಿನವರಿಗೆಲ್ಲ ಕೇಳುವ ಹಾಗೆ, ಇನ್ನೊಮ್ಮೆ ಕೆಮ್ಮಿದ.